ನಗಿಸಿ ಬಳೆ ಇಡುವ ಫಕೀರಬಿ

ವೇದಿಕೆಯ ಮೇಲೆ ನಿಂತು ಯಾರಾದರೂ ‘ಛಲ’ ಅಂದರೆ ಈಗ ನನ್ನ ಮೈ ಉರಿಯುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದವಳು ನಾನು, ಆ ಮಾತನ್ನು ನಾನೇ ಎಷ್ಟು ಸಲ ಆಡಿದ್ದೇನೋ. ಆದರೆ ಲಕ್ಷ್ಮೇಶ್ವರದ ಬಳೆಗಾರ್ತಿ ಫಕೀರಬಿಯನ್ನು ಗದಗಿನ ಕಾಲೇಜೊಂದಕ್ಕೆ ಕರೆಸಿ, ಶಾಲು ಹೊದಿಸಿ, ಕೈಗೆ ಮೈಕು ಕೊಟ್ಟು, ಅವಳ ಮಗಳ ಓದನ್ನು ಮಣ್ಣುಪಾಲು ಮಾಡಿದ್ದನ್ನು ಕಣ್ಣಾರೆ ಕಂಡ ಮೇಲೆ ಆ ಮಾತು ನನಗೆ ಸೇರುವುದಿಲ್ಲ. ಮಾಡಿದವರು ಯಾರು ಎಂದು ಕೇಳಿದರೆ ಒಬ್ಬರ ಹೆಸರು ಹೇಳಿ ಮುಗಿಸುವಂತಿಲ್ಲ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಫಕೀರಬಿಯ ತಂದೆ ಅಲ್ಲಾಸಾಬ ಸಿದ್ದಿ ಜನ. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಇಲ್ಲಿ ಮಾರಿದ ಜನರ ಮಕ್ಕಳ ಮಕ್ಕಳು ಅವರು. ಹಳಿಯಾಳದ ಕಡೆಯ ಕಾಡಿನಿಂದ ಕಟ್ಟಿಗೆ ಲಾರಿಯ ಕ್ಲೀನರ್ ಆಗಿ ಶಿರಹಟ್ಟಿಗೆ ಬಂದ ಅಲ್ಲಾಸಾಬ, ಅಲ್ಲಿಯ ಬಳೆಗಾರರ ಮನೆಯ ಹೆಣ್ಣನ್ನು ಮದುವೆಯಾಗಿ ಉಳಿದುಬಿಟ್ಟ. ಮಗಳಿಗೆ ತಾಯಿಯ ಕಸುಬು ಬಂತು. ಬಣ್ಣ, ದಪ್ಪ ತುಟಿ, ಬಾಚಣಿಕೆ ಮುರಿಯುವಂಥ ಗುಂಗುರು ಕೂದಲು ತಂದೆಯಿಂದ ಬಂದವು. ಹುಟ್ಟಿದ್ದು ಶಿರಹಟ್ಟಿ, ಕೊಟ್ಟಿದ್ದು ಲಕ್ಷ್ಮೇಶ್ವರ, ತಿರುಗಿದ್ದು ಶಿಗ್ಲಿ, ಮುಂಡರಗಿಯ ಸಂತೆಗಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ನಮ್ಮದೇ ಕನ್ನಡ. ಆಫ್ರಿಕಾ ಯಾವ ದಿಕ್ಕಿಗಿದೆ ಎಂದರೆ ಅವಳು ಹುಬ್ಬಳ್ಳಿ ರಸ್ತೆಯ ಕಡೆಗೆ ಕೈ ತೋರಿಸಿಯಾಳು. ಆದರೂ ಹೊಸದಾಗಿ ನೋಡಿದವರೆಲ್ಲ ಅವಳನ್ನು ಕೇಳುವ ಮೊದಲ ಪ್ರಶ್ನೆ, ಯಾವ ದೇಶ ಎಂದು.

ನಾನು ಬೆಟಗೇರಿಯ ನೇಕಾರರ ಮನೆಯ ಮಗಳು, ಲಕ್ಷ್ಮೀದೇವಿ. ನೌಕರಿ ಸಿಕ್ಕಿ ಲಕ್ಷ್ಮೇಶ್ವರಕ್ಕೆ ಬಂದಾಗಿನಿಂದ ನನ್ನ ಕೈಗೆ ಬಳೆ ಇಟ್ಟವಳು ಫಕೀರಬಿ. ನನ್ನ ಕುಬಸಕ್ಕೆ, ಅಂದರೆ ಬಸುರಿಯ ಸೀಮಂತಕ್ಕೆ, ಹಸಿರು ಬಳೆ ಇಟ್ಟವಳೂ ಅವಳೇ. ನನ್ನ ಕೈ ಮೊದಲೇ ಬಿರುಸು, ಬಸುರಿನಲ್ಲಿ ಬಾತುಕೊಂಡು ಇನ್ನೂ ಕೆಟ್ಟಿತ್ತು. ಬಿಗಿ ಬಳೆ ಇಡುವಾಗ ಹೆಬ್ಬೆರಳಿನ ಬುಡದಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಹೆದರಿ ಕೈ ಸೆಟೆದುಕೊಂಡರೆ ಗಾಜು ಒಡೆದು ಚರ್ಮ ಸೀಳುತ್ತದೆ. ಅದಕ್ಕೆ ಫಕೀರಬಿಯ ಬಳಿ ಒಂದೇ ಉಪಾಯ. ನಗಿಸುವುದು. ನಕ್ಕ ಕ್ಷಣ ಕೈ ಮೆತ್ತಗಾಗುತ್ತದೆ, ಅಷ್ಟರಲ್ಲಿ ಬಳೆ ಒಳಗೆ ಹೋಗಿರುತ್ತದೆ.

ನಗಿಸಲು ಸರಕು ಬೇಕಲ್ಲ. ಬಳೆ ಇಡುವವರು ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯಬಾರದು, ಒಯ್ದರೆ ಮರುದಿನ ಬಾಗಿಲು ಮುಚ್ಚಿತು. ಹೀಗಾಗಿ ಅವಳು ತನ್ನನ್ನೇ ಸರಕು ಮಾಡಿಕೊಂಡಳು. ಶಾಲೆಯಲ್ಲಿ ಹುಡುಗಿಯರು ಬಣ್ಣ ಹೋಗುತ್ತದೋ ನೋಡೋಣ ಎಂದು ಅವಳ ತೋಳಿಗೆ ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿ ರಕ್ತ ಬರಿಸಿದ್ದರು. ಅದನ್ನು ಅವಳು ಹೇಳುವ ಬಗೆಯೇ ಬೇರೆ.

“ತಿಕ್ರವ್ವಾ ತಿಕ್ರಿ ಅಂದ್ನಿ. ಒಳಗ ಬೆಳ್ಳಗ ಏನರ ಸಿಕ್ರ ಅರ್ಧಾ ನಿಮಗ, ಅರ್ಧಾ ನಂಗ.”

ಕುಬಸಕ್ಕೆ ಕೂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಬಳೆ ಇಟ್ಟು ಮುಗಿದ ಮೇಲೆ ಬಳೆಗಾರರಿಗೆ ಕೈಮುಗಿಯುವುದು ನಮ್ಮ ಕಡೆಯ ರೂಢಿ. ಕೈಮುಗಿದರೆ ಅವಳು ತನ್ನ ಕಡೆಯಿಂದ ಇನ್ನೊಂದು ಬಳೆ ಇಟ್ಟು ಹರಸುತ್ತಿದ್ದಳು.

ಈಚಿನ ಮದುವೆಗಳಲ್ಲಿ ಫೋಟೋದವರ ಹಾವಳಿ. ಶಿಗ್ಲಿಯ ಒಂದು ಮದುವೆಗೆ ನಾನೂ ಹೋಗಿದ್ದೆ. ಮದುಮಗಳಿಗೆ ಬಳೆ ಇಡುವುದನ್ನು ಹತ್ತಿರದಿಂದ ತೆಗೆಯಬೇಕು ಎಂದ ಫೋಟೋದವನು, ಕ್ಯಾಮೆರಾದಲ್ಲಿ ನೋಡಿ ಮುಖ ಸಿಂಡರಿಸಿದ. “ಈ ಕೈ ಬ್ಯಾಡ್ರಿ, ಫ್ರೇಮ್ ಕಪ್ಪ ಆಗ್ತೈತಿ. ಬೆಳ್ಳನ ಕೈಯವ್ರು ಯಾರರ ಬರ್ರಿ” ಎಂದ. ಮದುಮಗಳ ನಾದಿನಿ ಬಂದು, ಬಳೆ ಹಿಡಿದಂತೆ ಮಾಡಿ, ಫೋಟೋ ತೆಗೆಸಿಕೊಂಡು ಎದ್ದಳು. ಆಮೇಲೆ ಫಕೀರಬಿ ಕೂತು ಎರಡೂ ಕೈ ತುಂಬ ಬಳೆ ಇಟ್ಟಳು. “ಚೊಲೋ ಆತು, ನನ್ನ ಫೋಟೋ ತೆಗೆದಿದ್ರ ಮಿಶಿನ್ನ ಸುಟ್ಟು ಹೋಗ್ತಿತ್ತು” ಎಂದು ಮದುಮಗಳನ್ನು ನಗಿಸಿದಳು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆ ಆನಿಸಿ, ಲಕ್ಷ್ಮೇಶ್ವರ ಬರುವವರೆಗೂ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಅವಳ ಜನರಲ್ಲೂ ಬಿಡುಗಡೆ ಏನಿರಲಿಲ್ಲ. ಹಬ್ಶಿಯ, ಅಂದರೆ ಆಫ್ರಿಕಾದವನ, ಮಗಳು ಎಂದು ಎಷ್ಟೋ ಸಂಬಂಧ ಮುರಿದು, ಕೊನೆಗೆ ಹೆಂಡತಿ ಸತ್ತ ಮರ್ದಾನಸಾಬನಿಗೆ ಅವಳನ್ನು ಕೊಟ್ಟಿದ್ದರು. ಅವನು ಒಳ್ಳೆಯವನು, ಬೇಗ ತೀರಿಕೊಂಡ.

ಒಬ್ಬಳೇ ಮಗಳು ಅಫ್ರೀನ. ನನ್ನ ಶಾಲೆಯಲ್ಲೇ ಕಲಿತವಳು. ತಾಯಿಯದೇ ಬಣ್ಣ, ತಾಯಿಯದೇ ಕೂದಲು, ಆದರೆ ನಗಿಸುವ ಬುದ್ಧಿ ಮಾತ್ರ ಇರಲಿಲ್ಲ. ಚುಚ್ಚಿದವರನ್ನು ನೆಟ್ಟಗೆ ದಿಟ್ಟಿಸುತ್ತಿದ್ದಳು. ಗಣಿತದಲ್ಲಿ ಜಾಣೆ, ಪಿಯುಸಿ ಚೆನ್ನಾಗಿ ಮುಗಿಸಿ ಗದಗಿನಲ್ಲಿ ಬಿಎಸ್‌ಸಿ ಸೇರಿದಳು. ದಿನಾ ಲಕ್ಷ್ಮೇಶ್ವರದಿಂದ ಬಸ್ಸು. ಮುಂದೆ ಬಿಎಡ್ ಮಾಡಿ ನನ್ನ ಹಾಗೆ ಟೀಚರ್ ಆಗುತ್ತೇನೆ ಎನ್ನುತ್ತಿದ್ದಳು. ಫಕೀರಬಿ ಸಂತೆಯಲ್ಲಿ ಬಳೆ ಕೊಳ್ಳುವವರಿಗೆಲ್ಲ ಈ ಸುದ್ದಿ ಪುಕ್ಕಟೆ ಕೊಡುತ್ತಿದ್ದಳು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ದಿನ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಕಾಗದದ ಚಿಕ್ಕ ಚಿಕ್ಕ ಉಂಡೆ ಮಾಡಿ, ಒಂದೊಂದಾಗಿ ಅವಳ ಕೂದಲಲ್ಲಿ ಸಿಕ್ಕಿಸಿದರು. ಆ ಕೂದಲಲ್ಲಿ ಇಟ್ಟದ್ದು ಬೀಳುವುದಿಲ್ಲ, ಅವಳಿಗೆ ಗೊತ್ತಾಗಲೂ ಇಲ್ಲ. ಇಡೀ ಪಿರಿಯಡ್ಡು ಹೀಗೇ ನಡೆಯಿತು. ಫೋಟೋ ತೆಗೆದು ಕ್ಲಾಸಿನ ವಾಟ್ಸಾಪಿಗೆ ಹಾಕಿದರು. ಅಫ್ರೀನ ತಲೆ ತುಂಬ ಕಾಗದ ಹೊತ್ತು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಳು, ಬಸ್ಸು ಹತ್ತಿದಳು. ಶಿರಹಟ್ಟಿ ದಾಟಿದ ಮೇಲೆ ಪಕ್ಕದ ಮುದುಕಿ “ಇದೇನವ್ವಾ ತಲ್ಯಾಗ?” ಎಂದಾಗ ಕೈ ಹಾಕಿ ನೋಡಿಕೊಂಡಳು. ಮರುದಿನದಿಂದ ಕಾಲೇಜಿಗೆ ಹೋಗಲಿಲ್ಲ.

ಫಕೀರಬಿ ಅತ್ತಳು, ಬೈದಳು, ಅನ್ನ ಬಿಟ್ಟಳು. ನಾನೂ ಹೋಗಿ ಬುದ್ಧಿ ಹೇಳಿದೆ. ಹುಡುಗಿ ಜಗ್ಗಲಿಲ್ಲ. ಪರೀಕ್ಷೆಯ ಅರ್ಜಿ ತುಂಬುವ ದಿನ ಹತ್ತಿರ ಬರುತ್ತಿತ್ತು, ಹಾಜರಿ ಇಲ್ಲದಿದ್ದರೆ ವರ್ಷ ಹೋಗುತ್ತದೆ. ಆಗ ನನಗೆ ನೆನಪಾದವನು ಶ್ರೀಧರ, ಬೆಟಗೇರಿಯ ನನ್ನ ಅಣ್ಣನ ಮಗ. ಅದೇ ಕಾಲೇಜಿನಲ್ಲಿ ಅಧ್ಯಾಪಕ. ಫೋನು ಮಾಡಿದರೆ ಅವನಿಗೆ ಎಲ್ಲ ಗೊತ್ತಿತ್ತು. ಹುಡುಗರಿಗೆ ಬುದ್ಧಿ ಹೇಳಿದ್ದೇವೆ, ವಾಟ್ಸಾಪಿನಿಂದ ಫೋಟೋ ಅಳಿಸಿದ್ದೇವೆ, ದೊಡ್ಡದು ಮಾಡುವುದು ಬೇಡ ಎಂದ. ಆಮೇಲೆ ಅವನಿಗೆ ಒಂದು ವಿಚಾರ ಹೊಳೆಯಿತು.

“ಅತ್ತೀ, ನಮ್ಮಲ್ಲೆ ಒಂದು ಕಾರ್ಯಕ್ರಮ ಐತಿ. ‘ನನ್ನ ಗುರುತು, ನನ್ನ ಛಲ’ ಅಂತ. ಬ್ಯಾರೆ ಬ್ಯಾರೆ ಮಂದಿ ಬಂದು ತಮ್ಮ ಜೀವನಾ ಹೇಳ್ತಾರ. ಫಕೀರಬಿಯವರು ಬಂದು ಹೇಳಲಿ. ಬೈದು ಹೇಳಿದ್ರ ಹುಡುಗ್ರು ಕೇಳಂಗಿಲ್ಲ, ಒಬ್ಬ ತಾಯಿ ಹೇಳಿದ್ರ ಕೇಳ್ತಾರ.”

ನನಗೆ ಒಳ್ಳೆಯದೆನಿಸಿತು. ಫಕೀರಬಿ ಮಾತ್ರ ಹೆದರಿದಳು. “ಅಕ್ಕೋರ, ನಾ ಏನ್ ಹೇಳ್ಲಿರಿ? ನಾ ಏನ್ ಮಿನಿಸ್ಟ್ರೇನು?” ಎಂದಳು. ಅಲ್ಲೇ ಕೂತು ಬಳೆ ಜೋಡಿಸುತ್ತಿದ್ದ ಅಫ್ರೀನ ತಲೆ ಎತ್ತಿದಳು.

“ಅಮ್ಮಾ, ನೀ ಹೋಗು. ಆದ್ರ ಖರೆ ಹೇಳಬೇಕು. ನಾರ‍್ಲೆ ತಿಕ್ಕಿದಾಗ ಎಷ್ಟ ಉರೀತು, ಫೋಟೋದಾಂವ ಕೈ ಸರಸಂದಾಗ ಏನನಸ್ತು, ನನ್ನ ತಲ್ಯಾಗಿನ ಕಾಗದಾ ತೆಗೆದಾಗ ನೀ ಹ್ಯಾಂಗ ಅತ್ತಿ, ಅದನ್ನ ಅವ್ರ ಮುಂದ ನಿಂತು ಹೇಳು. ನೀ ಹೇಳಿದ್ರ ಮರುದಿನಾನ ನಾ ಕಾಲೇಜಿಗೆ ಹೋಗ್ತೀನಿ.”

“ಆಣಿ?” ಎಂದಳು ಫಕೀರಬಿ. “ಆಣಿ” ಎಂದಳು ಮಗಳು.

ಅವತ್ತಿನಿಂದ ಫಕೀರಬಿ ಒಲೆಯ ಮುಂದೆ, ಬಚ್ಚಲಲ್ಲಿ, ಬಸ್ಸಿನಲ್ಲಿ ಭಾಷಣ ಕಲಿತದ್ದೇ ಕಲಿತದ್ದು. ನನ್ನ ಮುಂದೆ ಹೇಳಿ ತೋರಿಸಿದಳು. ನಾರಿನ ಮಾತಿಗೆ ಬಂದಾಗ ಅವಳು ತೋಳು ಉಜ್ಜಿಕೊಂಡಳು, ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಷ್ಟು ವರ್ಷ ಆ ಕಥೆಗೆ ನಕ್ಕಿದ್ದವಳು ಅವತ್ತು ಮೊದಲ ಸಲ ಅದನ್ನು ಕೇಳಿದೆ. ಇನ್ನು ಹುಡುಗಿಯ ಓದಿಗೆ ಭಯವಿಲ್ಲ ಅಂದುಕೊಂಡು ಮನೆಗೆ ಬಂದೆ.

ಕಾರ್ಯಕ್ರಮದ ದಿನ ನಾವು ಮೂವರೂ ಗದಗಿಗೆ ಹೋದೆವು. ಅಫ್ರೀನ ತಲೆಗೆ ಬಿಗಿಯಾಗಿ ಓಢಣಿ ಸುತ್ತಿಕೊಂಡು ಸಭಾಂಗಣದ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಳು. ವೇದಿಕೆಯ ಹಿಂದೆ ಶ್ರೀಧರ ಫಕೀರಬಿಗೆ ಚಹಾ ಕೊಟ್ಟು ಸೂಚನೆಗಳನ್ನೂ ಕೊಟ್ಟ. ಕಾಲೇಜಿನ ಹೆಸರು ಬೇಡ, ಯಾರನ್ನೂ ದೂರುವುದು ಬೇಡ, ಕೊನೆಗೆ ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ಮುಗಿಸಬೇಕು. ಆಮೇಲೆ ಸ್ವಲ್ಪ ನಾಚಿಕೊಂಡು, “ನಿಮ್ಮ ಮಂದಿದು ಕುಣಿತ ಏನರ ಇದ್ರ ಒಂದೆರಡು ಹೆಜ್ಜಿ ಹಾಕಿದ್ರೂ ನಡೀತೈತ್ರಿ” ಎಂದ. “ನನಗ ಬಳಿ ಇಡಾಕಷ್ಟ ಬರ್ತೈತ್ರಿ ಸರ” ಎಂದಳು ಫಕೀರಬಿ. ನನ್ನ ಅಣ್ಣನ ಮಗ ಎಂದು ಸುಮ್ಮನಿದ್ದೆ, ಇಲ್ಲದಿದ್ದರೆ ಕಪಾಳಕ್ಕೆ ಕೊಡುತ್ತಿದ್ದೆ.

ಅವಳು ಮೈಕಿನ ಮುಂದೆ ನಿಂತಳು. ಸಭಾಂಗಣ ಕಿಕ್ಕಿರಿದಿತ್ತು. ಅವಳ ಮುಖ ಕಂಡದ್ದೇ ಹುಡುಗರ ನಡುವೆ ಗುಸುಗುಸು ಎದ್ದು, ಶ್ರೀಧರ ಕಣ್ಣು ಬಿಟ್ಟ ಮೇಲೆ ಅಡಗಿತು. ಆಮೇಲೆ ಎಲ್ಲರೂ ಸೆಟೆದು ಕೂತರು, ಬೈಸಿಕೊಳ್ಳಲು ಬಂದವರ ಹಾಗೆ. ಫಕೀರಬಿ ನಾವು ಕಲಿತಂತೆಯೇ ಶುರು ಮಾಡಿದಳು. ಹೆಸರು, ಊರು, ತಂದೆಯ ಹೆಸರು. ಶಾಲೆಯ ಮಾತು ಬಂತು. ಹುಡುಗಿಯರು ಬೂದಿ ತಂದರು, ನಾರು ತಂದರು ಎಂದು ಹೇಳಿ ನಿಂತಳು. ಎದುರಿನ ಅಷ್ಟೂ ಮುಖಗಳನ್ನು ಒಮ್ಮೆ ನೋಡಿದಳು. ಬಿರುಸು ಕೈಯನ್ನು ಬಳೆಗೆ ಹದ ಮಾಡುವ ಹಾಗೆ ಅವಳ ಬೆರಳು ಮೈಕಿನ ಕೊರಳನ್ನು ಮೆಲ್ಲಗೆ ಹಿಸುಕುವುದು ನನಗೆ ಕಂಡಿತು.

“ತಿಕ್ರವ್ವಾ ತಿಕ್ರಿ ಅಂದ್ನಿ” ಎಂದಳು. “ಒಳಗ ಬೆಳ್ಳಗ ಏನರ ಸಿಕ್ರ ಅರ್ಧಾ ನಿಮಗ, ಅರ್ಧಾ ನಂಗ.”

ಸಭಾಂಗಣ ಹೋ ಎಂದು ನಕ್ಕಿತು. ಸೆಟೆದ ಭುಜಗಳೆಲ್ಲ ಸಡಿಲವಾದವು. ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಫೋಟೋದವನ ಮಿಶಿನ್ನು ಬಂತು. ಬಸ್ಸಿನ ಕಂಡಕ್ಟರ್ ಬಂದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸತರಲ್ಲಿ ಒಬ್ಬ ಅವಳನ್ನು ನೋಡಿ, ಇದು ನಮ್ಮ ರಾಜ್ಯದವರಿಗೆ ಮಾತ್ರ ಎಂದು ಹಿಂದಿಯಲ್ಲಿ ಹೇಳಿ, ಆಧಾರ್ ಕಾರ್ಡನ್ನೂ ನಂಬದೆ ನಡುದಾರಿಯಲ್ಲಿ ಇಳಿಸಹೊರಟಿದ್ದ. “ನಾ ಅಂದ್ನಿ, ಕಾರ್ಡ್ ನೋಡ್ರಿ ಸಾಹೇಬ್ರ, ಆಧಾರದ ಫೋಟೋದಾಗ ಎಲ್ಲಾರೂ ನನ್ನಂಗ ಅದಾರ.” ಹುಡುಗರು ಬೆಂಚು ಬಡಿದರು, ಸಿಳ್ಳೆ ಹಾಕಿದರು. ಅಧ್ಯಾಪಕರು ಕರವಸ್ತ್ರ ಬಾಯಿಗೆ ಇಟ್ಟುಕೊಂಡರು. ಮಗಳ ಮಾತಿಗೆ ಅವಳು ಬರಲೇ ಇಲ್ಲ. ಬರುವಷ್ಟರಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಶ್ರೀಧರ ಮೈಕು ತೆಗೆದುಕೊಂಡು, ನೋವನ್ನೇ ನಗುವಾಗಿಸಿಕೊಂಡ ಈ ತಾಯಿಯ ಛಲ ನಮಗೆಲ್ಲ ಮಾದರಿ ಎಂದ. ನಾನು ಹಿಂದಿರುಗಿ ನೋಡಿದೆ. ಕೊನೆಯ ಸಾಲಿನ ಬಾಗಿಲ ಪಕ್ಕದ ಕುರ್ಚಿ ಖಾಲಿ ಇತ್ತು.

ಬಸ್‌ಸ್ಟ್ಯಾಂಡಿನಲ್ಲಿ ಅಫ್ರೀನ ಸಿಕ್ಕಳು. ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ಬಂದ ತಾಯಿಯನ್ನು ನೋಡಿ ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ.

“ಕಾಗದಾ ತುರುಕಿದಾಕಿ ಮುಂದಿನ ಸಾಲಿನ್ಯಾಗ ಕುಂತಿದ್ಲು” ಎಂದಳು. “ಆಕಿನ ಮೊದಲ ನಕ್ಕಾಕಿ. ಆಕಿಗೆ ಏನೂ ಅನಸಬಾರದಂತ ನೀ ಎಷ್ಟ ಕಷ್ಟಪಟ್ಟಿ ಅಮ್ಮಾ.”

ಫಕೀರಬಿ ಹಾರವನ್ನು ಹಣ್ಣಿನ ಬುಟ್ಟಿಯೊಳಗೆ ತುರುಕಿದಳು. ನನಗೆ ಆಮೇಲೆ ಹೇಳಿದಳು. “ಬೇಕಂತ ಮಾಡ್ಲಿಲ್ರಿ ಅಕ್ಕೋರ. ಎಲ್ಲಾರೂ ಬಿಗದು ಕುಂತಿದ್ರು. ನನ್ನ ಬಾಯಿ ತಾನ ನಡದ್ಬಿಡ್ತು.” ನಾನು ಅವಳನ್ನು ಬೈಯಲು ಹೋಗಲಿಲ್ಲ. ಹೊಟ್ಟೆಗಾಗಿ ಕಲಿತ ವಿದ್ಯೆ ಅದು, ಒಂದು ದಿನದ ಮಟ್ಟಿಗೆ ಕಳಚಿಡು ಅಂದರೆ ಹೇಗೆ ಕಳಚುತ್ತದೆ? ಆದರೆ ಹುಡುಗಿಯದೂ ತಪ್ಪಿರಲಿಲ್ಲ. ಪರೀಕ್ಷೆಯ ಅರ್ಜಿಯ ದಿನ ಬಂತು, ಹೋಯಿತು. ಅಫ್ರೀನ ಮನೆಯಿಂದ ಹೊರಗೆ ಬರಲಿಲ್ಲ.

ಇತ್ತ ಯಾರೋ ತೆಗೆದ ವಿಡಿಯೋ ಊರೂರು ತಿರುಗಿತು. ಫಕೀರಬಿ ‘ಆಧಾರ್ ಆಂಟಿ’ ಆದಳು. ಸಂತೆಯಲ್ಲಿ ಹುಡುಗರು ಬಂದು, ಆಂಟೀ ಇನ್ನೊಮ್ಮೆ ಹೇಳ್ರಿ ಎಂದು ಮೊಬೈಲು ಹಿಡಿಯತೊಡಗಿದರು. ಅವಳು ಸೆರಗು ಮುಖಕ್ಕೆ ಎಳೆದುಕೊಂಡು ಬಳೆ ಕಟ್ಟಿ ಎದ್ದುಬಿಡುತ್ತಿದ್ದಳು. ಅದನ್ನು ನೋಡಿಯೂ ಅವರು ನಗುತ್ತಿದ್ದರು.

ಬೇಸಿಗೆಯಲ್ಲಿ ಮುಂಡರಗಿಯ ಕಾಲೇಜೊಂದರಿಂದ ಫೋನು ಬಂತು. ಅಲ್ಲಿಯ ಪ್ರಾಚಾರ್ಯ ಸಂಗಪ್ಪ ವಿಡಿಯೋ ನೋಡಿದ್ದರಂತೆ, ತಮ್ಮ ಮಕ್ಕಳ ಮುಂದೆಯೂ ಮಾತಾಡಬೇಕಂತೆ. ಫಕೀರಬಿ ಒಲ್ಲೆ ಎಂದಳು. ನಾನು ಫೋನು ಇಸಿದುಕೊಂಡು ಹುಡುಗಿಯ ವಿಷಯ ಎಲ್ಲ ಹೇಳಿದೆ. ಅವರು ಸಜ್ಜನರು, “ಜೂನಿನ್ಯಾಗ ಹುಡಗೀನ್ನ ನಮ್ಮಲ್ಲೆ ಕಳಸ್ರಿ ಅಕ್ಕೋರ, ಹಾಸ್ಟೆಲ್ ಐತಿ, ನಾ ನೋಡ್ಕೋತೀನಿ” ಎಂದರು. ಸುದ್ದಿ ಕೇಳಿ ಅಫ್ರೀನ ಒಳಗಿನಿಂದ ಎದ್ದು ಬಂದಳು.

“ಹೋಗಿ ಬಾ ಅಮ್ಮಾ” ಎಂದಳು. “ಆದ್ರ ನಗಸಬ್ಯಾಡ. ಒಬ್ಬರೂ ನಗಬಾರ್ದು. ನಾ ಹೋಗಿ ಕೂಡೋ ಜಾಗಾ ಅದು. ಅವ್ರು ನಗಲಿಲ್ಲಂದ್ರ ನಾ ಹೋಗ್ತೀನಿ.”

ಮುಂಡರಗಿಗೆ ನಾನು, ಫಕೀರಬಿ ಇಬ್ಬರೇ ಹೋದೆವು. ದಾರಿಯುದ್ದಕ್ಕೂ ಅವಳು ಒಂದು ಕೈಯಿಂದ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವತ್ತು ಅವಳು ನಗಿಸಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ತಗ್ಗಿದ ದನಿಯಲ್ಲಿ, ನಿಂತು ನಿಂತು, ನಾರಿನಿಂದ ತಿಕ್ಕಿದ ತೋಳಿನ ಗಾಯ ಎಷ್ಟು ದಿನ ಮಾಯಲಿಲ್ಲ ಎಂಬುದನ್ನು ಹೇಳಿದಳು. ಬಸ್ಸಿನಲ್ಲಿ ಅಷ್ಟು ಜನರ ನಡುವೆ ಕಾರ್ಡು ಹಿಡಿದು ನಿಂತಾಗ ತಲೆ ಎತ್ತಲಾಗದ್ದನ್ನು ಹೇಳಿದಳು. ಆದರೆ ಅವಳು ಮೈಕಿನ ಮುಂದೆ ಬಂದು ಕೈಮುಗಿದಾಗಲೇ ನಗು ಶುರುವಾಗಿತ್ತು. ಎಲ್ಲರೂ ವಿಡಿಯೋ ನೋಡಿ ಬಂದವರು, ನಗುವುದಕ್ಕೇ ಬಂದವರು. ಕಾರ್ಡು ಅಂದರೆ ನಕ್ಕರು. ನಾರು ಅಂದರೆ, “ಅರ್ಧಾ ನಿಮಗ, ಅರ್ಧಾ ನಂಗ” ಎಂದು ಅವರೇ ಒಕ್ಕೊರಲಿನಿಂದ ಕೂಗಿದರು. ಸಂಗಪ್ಪನವರು ಎದ್ದು ಗದರಿದರು. ಒಂದು ಗಳಿಗೆ ಸದ್ದಡಗಿತು.

ಆಗ ಫಕೀರಬಿ ಮಗಳ ಮಾತು ಹೇಳಿದಳು. “ನನ್ನ ಮಗಳ ಕೂದ್ಲಾಗ ಕಾಗದದ ಉಂಡಿ ತುರುಕಿದ್ರು. ನಾ ಒಂದೊಂದ ಬಿಡಸಿ ತೆಗದ್ನಿ. ಆಕಿ ಅಳಲಿಲ್ಲ. ನಾ ಅತ್ನಿ.” ಮುಂದಿನ ನಗೆ ಎಲ್ಲಿ ಬರುತ್ತದೆ ಎಂದು ಕಾಯುತ್ತಿದ್ದ ಮಕ್ಕಳು ಇದೇ ಅದು ಎಂದುಕೊಂಡರು. ಆ ದಿನದ ಅತಿ ದೊಡ್ಡ ನಗು ಆಗ ಎದ್ದಿತು. ಫಕೀರಬಿ ಮೈಕನ್ನು ಮೇಜಿನ ಮೇಲೆ ಇಟ್ಟು ಇಳಿದು ಬಂದಳು. ಅದಕ್ಕೂ ಚಪ್ಪಾಳೆ ಬಿತ್ತು.

ಸಂಜೆ ಮನೆ ಮುಟ್ಟಿದಾಗ ಅಫ್ರೀನ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಗೋಡೆಗೆ ಆನಿಸಿ ಇಟ್ಟ ಟ್ರಂಕು ಧೂಳು ಒರೆಸಿಕೊಂಡು ನಿಂತಿತ್ತು. ಹುಡುಗಿ ಹೋಗುವ ಮನಸ್ಸು ಮಾಡಿದ್ದಳು.

“ನಕ್ಕರೇನು?” ಎಂದು ಕೇಳಿದಳು.

ಇಲ್ಲ ಎಂದು ಸುಳ್ಳು ಹೇಳಬಾರದಿತ್ತೇ ಆ ಹೆಂಗಸು. “ನಕ್ಕರವ್ವ” ಎಂದಳು. “ನಾ ನಗಸಲಿಲ್ಲ. ಖುದಾನ ಆಣಿ, ನಾ ನಗಸಲಿಲ್ಲ.”

“ನಗಸದ ಹ್ಯಾಂಗ ನಗ್ತಾರಮ್ಮಾ?”

ನಾನು ನಡುವೆ ಬಿದ್ದೆ. ನಾನೇ ಅಲ್ಲಿದ್ದೆ, ನಿಮ್ಮಮ್ಮ ಒಂದೇ ಒಂದು ಚೇಷ್ಟೆಯ ಮಾತು ಆಡಲಿಲ್ಲ, ಆ ಮಕ್ಕಳೇ ಹಾಳಾದವು ಎಂದು ಹೇಳಿದೆ. ಹೇಳುತ್ತ ನನ್ನ ದನಿ ಏರಿತು. ಅಫ್ರೀನ ಶಾಲೆಯಲ್ಲಿ ನನ್ನ ಪಾಠ ಕೇಳುತ್ತಿದ್ದ ಹಾಗೆಯೇ ಪೂರ್ತಿ ಕೇಳಿಸಿಕೊಂಡಳು.

“ಇರ್ಲಿ ಬಿಡ್ರಿ ಟೀಚರ್” ಎಂದಳು. “ನೀವು ಅಮ್ಮನ ಗೆಳತಿ, ಹಿಂಗ ಹೇಳಾಕಬೇಕು. ಆಕಿಗೆ ನಗಸೂದು ಬಿಟ್ಟು ಬ್ಯಾರೆ ಏನೂ ಬರಂಗಿಲ್ಲಂತ ನಂಗ ಗೊತ್ತೈತಿ.”

ಟ್ರಂಕು ಎತ್ತಿಕೊಂಡು ಒಳಗೆ ಹೋದಳು. ಫಕೀರಬಿ ಹೊಸ್ತಿಲ ಹೊರಗೆ, ಚಪ್ಪಲಿಯನ್ನೂ ಬಿಡದೆ ನಿಂತೇ ಇದ್ದಳು.